ಲಸಿಕೆ ಇತ್ತು, ಪಟ್ಟಿಯಲ್ಲಿ ಹೆಸರಿರಲಿಲ್ಲ

ನರ್ಸಿಂಗ್ ಮುಗಿಸಿ ಸರಕಾರಿ ಕೆಲಸಕ್ಕೆ ಸೇರುವ ಹುಡುಗಿಯರು ಆಗಾಗ ನಮ್ಮ ಮನೆಗೆ ಬರುತ್ತಾರೆ. ಲಸಿಕೆ ಕೋಣೆಯ ಕೆಲಸ ಹೇಗಿರುತ್ತದೆ ಎಂದು ಕೇಳುತ್ತಾರೆ. ಸೂಜಿ ಹಾಕುವಾಗ ಕೈ ನಡುಗಿದರೆ ಏನು ಮಾಡಬೇಕು ಎಂಬುದು ಅವರ ದೊಡ್ಡ ಚಿಂತೆ. ಅದೊಂದು ಚಿಂತೆಯೇ ಅಲ್ಲ. ಸೂಜಿ ಹಾಕುವುದನ್ನು ಎರಡು ವಾರದಲ್ಲಿ ಯಾರು ಬೇಕಾದರೂ ಕಲಿಯುತ್ತಾರೆ. ಫ್ರಿಜ್ಜಿನೊಳಗೆ ಲಸಿಕೆ ಇರುತ್ತದೆ, ಅದು ಬೇಕಾದವಳು ಎದುರಿಗೇ ನಿಂತಿರುತ್ತಾಳೆ, ನಡುವೆ ಒಂದು ಹಾಳೆ ಕಾಗದ ಬಂದಿರುತ್ತದೆ. ಆಗ ಏನು ಮಾಡಬೇಕು ಎಂದು ಯಾವ ತರಬೇತಿಯಲ್ಲೂ ಕಲಿಸುವುದಿಲ್ಲ. ನನಗೂ ಕಲಿಸಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಬೋರಗಾಂವದವಳು. ಆಸ್ಪತ್ರೆಯಲ್ಲಿ ಎಲ್ಲರೂ ಮಗದುಮ್ ಸಿಸ್ಟರ್ ಎನ್ನುತ್ತಿದ್ದರು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಐದೂ ಕಡೆ ಒಂದಲ್ಲ ಒಂದು ಕಾಲದಲ್ಲಿ ಕೆಲಸ ಮಾಡಿದ್ದೇನೆ. ಮುಂದೆ ಹೇಳುವುದೆಲ್ಲ ಇವುಗಳ ಪೈಕಿ ಒಂದು ಊರಿನಲ್ಲಿ ನಡೆದದ್ದು. ಯಾವುದು ಎಂದು ಬರೆಯುವುದಿಲ್ಲ, ಜನರ ಹೆಸರುಗಳನ್ನೂ ಬದಲಿಸಿದ್ದೇನೆ. ಬಡ್ತಿಯ ಕಥೆ ಯಾರಿಗೂ ಬೇಕಾಗಿಲ್ಲ. ಸ್ಟಾಫ್ ನರ್ಸ್ ಎಂದು ಸೇರಿದೆ, ಬಿಡುವ ಹೊತ್ತಿಗೆ ಶುಶ್ರೂಷಾಧಿಕಾರಿ ಎನ್ನುತ್ತಿದ್ದರು. ಬಾಗಿಲ ಮೇಲಿನ ಫಲಕ ಬದಲಾಯಿತು, ಫ್ರಿಜ್ಜಿನ ಬೀಗದ ಕೈ ಅದೇ ಉಳಿಯಿತು.

ಮೊದಲು ನನ್ನದೇ ತಪ್ಪು ಹೇಳಿಬಿಡುತ್ತೇನೆ.

ನಮ್ಮ ಆಸ್ಪತ್ರೆಗೆ ಮೊದಲ ಸಲ ಫ್ಲೂ ಲಸಿಕೆ ಬಂದ ವರ್ಷ. ಹಂದಿಜ್ವರದ ಹೆಸರು ಕೇಳಿದರೆ ಜನ ಬೆದರುತ್ತಿದ್ದ ಕಾಲ. ರೋಗಿಗಳ ಹತ್ತಿರ ಇರುವ ಸಿಬ್ಬಂದಿಗೆ ಹಾಕಲು ಒಂದಿಷ್ಟು ಲಸಿಕೆ ಕೊಟ್ಟಿದ್ದರು. ಜಿಲ್ಲಾ ಉಗ್ರಾಣಕ್ಕೆ ಹೋಗಿ ತರುವ ಕೆಲಸ ನನ್ನದು. ನನಗೆ ಪೋಲಿಯೋ ಹನಿಯ ಅಭ್ಯಾಸ. ಅದು ಎಷ್ಟು ತಣ್ಣಗಿದ್ದರೂ ನಡೆಯುತ್ತದೆ. ಡೀಪ್ ಫ್ರೀಜರಿನಿಂದ ಐಸ್ ಪ್ಯಾಕ್ ತೆಗೆದವಳೇ ಹಾಗೇ ಡಬ್ಬಿಗೆ ತುಂಬಿದೆ, ಅದರ ನಡುವೆ ಫ್ಲೂ ಲಸಿಕೆಯನ್ನು ಇಟ್ಟೆ. ಐಸ್ ಪ್ಯಾಕ್ ಸ್ವಲ್ಪ ಹೊತ್ತು ಹೊರಗಿಟ್ಟು, ಅಲುಗಾಡಿಸಿದರೆ ಒಳಗೆ ನೀರಿನ ಸದ್ದು ಕೇಳುವಂತಾದ ಮೇಲೆ ತುಂಬಬೇಕು. ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಗೊತ್ತಿತ್ತು. ಬಸ್ಸು ಹೊರಡುತ್ತಿತ್ತು.

ಆಸ್ಪತ್ರೆಗೆ ಬಂದು ಡಬ್ಬಿ ತೆರೆದರೆ ಲಸಿಕೆ ಗಟ್ಟಿಯಾಗಿ ಕೂತಿದೆ. ಫ್ಲೂ ಲಸಿಕೆ ಒಮ್ಮೆ ಹೆಪ್ಪುಗಟ್ಟಿತೆಂದರೆ ಮುಗಿಯಿತು, ಕರಗಿದರೂ ಕೆಲಸಕ್ಕೆ ಬಾರದು. ನಾನು ಅಳುತ್ತ ದೇಸಾಯಿ ಸಾಹೇಬರ ಹತ್ತಿರ ಹೋದೆ. ಅವರು ನಮ್ಮ ಆಸ್ಪತ್ರೆಯ ಆಡಳಿತ ವೈದ್ಯಾಧಿಕಾರಿ. ಕೆಟ್ಟ ಮನುಷ್ಯರಲ್ಲ. ರೋಗಿಯ ಮುಂದೆ ಹುಲಿ, ಫೈಲಿನ ಮುಂದೆ ಇಲಿ.

"ಯಾರರ ನೋಡ್ಯಾರೇನ್ರಿ?" ಎಂದರು.

"ಇಲ್ರಿ ಸರ್."

"ಮತ್ತ ನನಗ್ಯಾಕ ಹೇಳಾಕತ್ತೀರಿ? ಕರಗಿದ ಮ್ಯಾಲೆ ಮೊದಲಿನ ಹಂಗ ಕಾಣ್ತಿತ್ತು."

ನಾನು ಹೇಳಿಬಿಟ್ಟಿದ್ದರಿಂದ ಅವರು ಬರೆಯಲೇಬೇಕಾಯಿತು. ಲಸಿಕೆ ಎಸೆದರು, ನನಗೆ ನೋಟಿಸ್ ಬಂತು. ಆ ವರ್ಷ ನಮ್ಮ ಸಿಬ್ಬಂದಿಯಲ್ಲಿ ಯಾರಿಗೂ ಲಸಿಕೆ ಸಿಗಲಿಲ್ಲ. ಅದಾದ ಮೇಲೆ ಐಸ್ ಪ್ಯಾಕಿನ ವಿಷಯದಲ್ಲಿ ನನ್ನಿಂದ ತಪ್ಪಾಗಲಿಲ್ಲ. ಆದರೆ ನೋಟಿಸ್ ಎಂದರೆ ಒಂದು ಭಯ ಹತ್ತಿಕೊಂಡಿತು. ಆ ಭಯ ಮುಂದೆ ಬೇರೆಯವರಿಗೆ ಮುಳುವಾಯಿತು.

ಕೊರೋನಾ ಮುಗಿದ ಮೇಲೆ ಕೆಲಸದ ರೀತಿಯೇ ಬದಲಾಯಿತು. ಮೊದಲು ಉದ್ದನೆಯ ರಿಜಿಸ್ಟರ್ ಇರುತ್ತಿತ್ತು. ಹೆಸರು, ವಯಸ್ಸು, ಊರು, ಸಹಿ. ಏನಾದರೂ ವಿಶೇಷ ಇದ್ದರೆ ಅಂಚಿನಲ್ಲಿ ಬರೆಯುತ್ತಿದ್ದೆವು. "ಗರ್ಭಿಣಿ, ಏಳನೇ ತಿಂಗಳು" ಎಂದೋ, "ಹೋದ ಸಲ ತಲೆ ಸುತ್ತಿತ್ತು" ಎಂದೋ. ಈಗ ಪೋರ್ಟಲ್. ಅದಕ್ಕೆ ಅಂಚೇ ಇಲ್ಲ. ಸಿಬ್ಬಂದಿಯ ಫ್ಲೂ ಲಸಿಕೆಗೆ ನಮಗೆ ಕೊಟ್ಟ ಪುಟದಲ್ಲಿ ನೌಕರರ ಸಂಖ್ಯೆ ಎಂಬ ಅಂಕಣವಿತ್ತು, ಅದರ ಪಕ್ಕದಲ್ಲಿ ಕೆಂಪು ನಕ್ಷತ್ರ. ಸಂಖ್ಯೆ ತುಂಬದಿದ್ದರೆ ಮುಂದಕ್ಕೆ ಹೋಗುವುದಿಲ್ಲ.

ಇನ್ನು ಆ ಸಂಖ್ಯೆ ಇದ್ದವರ ಕಥೆ ಕೇಳಿ. ನಾನು ಪ್ರತಿ ವರ್ಷ ವಾರ್ಡಿನಿಂದ ವಾರ್ಡಿಗೆ ತಿರುಗಿ ಕರೆಯಬೇಕು.

"ನನಗ ಬ್ಯಾಡ್ರಿ ಸಿಸ್ಟರ್, ಹಾಕಿಸ್ಕೊಂಡ್ರ ಜ್ವರಾ ಬರ್ತಾವ."

"ಹೋದ ವರ್ಷ ಹಾಕಿಸ್ಕೊಂಡೀನಲ್ರಿ, ಮತ್ತ್ಯಾಕ?"

ಫ್ಲೂ ವೈರಸ್ ವರ್ಷವರ್ಷವೂ ರೂಪ ಬದಲಿಸುತ್ತದೆ, ಅದಕ್ಕೆ ತಕ್ಕಂತೆ ಲಸಿಕೆಯೂ ಬದಲಾಗುತ್ತದೆ, ಹಾಗಾಗಿ ವರ್ಷಕ್ಕೊಮ್ಮೆ ಬೇಕು ಎಂದು ಓದಿಕೊಂಡು ಬಂದ ನರ್ಸುಗಳಿಗೇ ನಾನು ಪಾಠ ಹೇಳುವ ಪರಿಸ್ಥಿತಿ. ಒಬ್ಬ ಡಾಕ್ಟರಂತೂ ನನ್ನನ್ನು ಕಂಡರೆ ಹಿಂಬಾಗಿಲಿನಿಂದ ಹೋಗುತ್ತಿದ್ದರು. ಹೀಗೆ ಲಸಿಕೆ ಬಂದಾಗಲೆಲ್ಲ ಕೊನೆಗೆ ಒಂದಿಷ್ಟು ಉಳಿಯುತ್ತಿತ್ತು. ಅವಧಿ ಮುಗಿಯುತ್ತಿತ್ತು, ಎಸೆಯುತ್ತಿದ್ದೆವು. ಎಸೆಯಲು ಒಂದು ಫಾರಂ ಇದೆ, ಎರಡು ಸಹಿ ಸಾಕು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ನನ್ನ ಸೇವೆ ಒಂದೂವರೆ ವರ್ಷ ಉಳಿದಿತ್ತು. ಮಳೆಗಾಲ ಹಿಡಿದಿತ್ತು. ಒಂದು ಬೆಳಿಗ್ಗೆ ಲಸಿಕೆ ಕೋಣೆಯ ಮುಂದೆ ಏಳು ಮಂದಿ ಪದವಿ ವಿದ್ಯಾರ್ಥಿಗಳು ಕೊರಳಲ್ಲಿ ಗುರುತಿನ ಚೀಟಿ ಹಾಕಿಕೊಂಡು ಸಾಲಾಗಿ ನಿಂತಿದ್ದರು. ಮುಂದೆ ನಿಂತವನ ಹೆಸರು ಸಂಕೇತ. ಅಥಣಿ ಕಡೆಯ ಅನಂತಪುರದವನು, ಹಾಸ್ಟೆಲಿನಲ್ಲಿದ್ದು ಬಿಎಸ್ಸಿ ಓದುತ್ತಿದ್ದ.

"ಮೇಡಂ, ಫ್ಲೂ ಲಸಿಕಿ ಹಾಕಿಸ್ಕೊಳ್ಳಾಕ ಬಂದೀವ್ರಿ."

"ನಿಮಗ್ಯಾರ ಹೇಳಿದ್ರಪಾ ಇಲ್ಲಿ ಹಾಕ್ತಾರಂತ?"

ಅವನು ಮೊಬೈಲ್ ತೋರಿಸಿದ. ಇಂಗ್ಲಿಷಿನ ಒಂದು ಪುಟ. ವಿಶ್ವವಿದ್ಯಾಲಯದ ಎಲ್ಲ ವಿದ್ಯಾರ್ಥಿಗಳಿಗೂ ಫ್ಲೂ ಲಸಿಕೆ ಲಭ್ಯವಿದೆ, ಗುರುತಿನ ಚೀಟಿ ತನ್ನಿ, ಮುಂಚಿತವಾಗಿ ಸಮಯ ಗೊತ್ತು ಮಾಡಿಕೊಳ್ಳುವ ಅಗತ್ಯವಿಲ್ಲ ಎಂದು ಅದರಲ್ಲಿತ್ತು. ಕೆಳಗೆ ನೋಡಿದರೆ ಅದು ಯಾವುದೋ ವಿದೇಶದ ವಿಶ್ವವಿದ್ಯಾಲಯದ್ದು.

"ಇದು ನಮ್ಮ ದೇಶದ್ದಲ್ಲೋ ಮಾರಾಯಾ."

"ದೇಶ ನೋಡಿಲ್ರಿ ಮೇಡಂ. ಯುನಿವರ್ಸಿಟಿ ಸ್ಟೂಡೆಂಟ್ ಅಂತ ಇತ್ತು. ನಾವೂ ಯುನಿವರ್ಸಿಟಿ ಸ್ಟೂಡೆಂಟೇ ಅಲ್ರೀ?"

ಹಿಂದೆ ನಿಂತವರು ನಕ್ಕರು. ಸಂಕೇತ ನಗಲಿಲ್ಲ. ಅವರ ಹಾಸ್ಟೆಲಿನಲ್ಲಿ ಒಂದು ವಾರದಿಂದ ಜ್ವರ ಹಬ್ಬಿತ್ತಂತೆ. ಇವನ ಪಕ್ಕದ ಹಾಸಿಗೆಯವನನ್ನು ಆಸ್ಪತ್ರೆಗೆ ಸೇರಿಸಿದ್ದರು. ಪರೀಕ್ಷೆ ಎದುರಿಗಿತ್ತು. ಏನಾದರೂ ಮಾಡಬಹುದೇ ಎಂದು ಇವನು ಮೊಬೈಲಿನಲ್ಲಿ ಹುಡುಕಿದ್ದ, ಸಿಕ್ಕಿದ್ದನ್ನು ನಂಬಿ ಎರಡು ಬಸ್ಸು ಬದಲಿಸಿ ಬಂದಿದ್ದ.

ನಾನು ಸರಕಾರಿ ಆಸ್ಪತ್ರೆಗೆ ಬರುವ ಫ್ಲೂ ಲಸಿಕೆ ಯಾರಿಗೆ ಎಂದು ವಿವರಿಸಿದೆ. ಉಳಿದವರು ಖಾಸಗಿಯಾಗಿಯೇ ಹಾಕಿಸಿಕೊಳ್ಳಬೇಕು ಎಂದೆ. ಖಾಸಗಿಯಲ್ಲಿ ಕೇಳಿ ಬಂದಿದ್ದರು. ಔಷಧಿ ಅಂಗಡಿಯವನು ತರಿಸಿಕೊಡುತ್ತೇನೆ, ಆದರೆ ಯಾವಾಗ ಬರುತ್ತದೋ ಹೇಳಲಾರೆ ಎಂದಿದ್ದನಂತೆ. ಅವರಲ್ಲಿ ಕಾಗವಾಡದ ಹುಡುಗನೊಬ್ಬನಿದ್ದ. ಅವನು ರಾಜ್ಯದ ಗಡಿ ದಾಟಿ ಆಚೆ ಕಡೆಯ ಒಂದು ದವಾಖಾನೆಯಲ್ಲೂ ವಿಚಾರಿಸಿದ್ದ.

"ತುಮಚಂ ಆಧಾರ್ ಕರ್ನಾಟಕಾಚಂ ಆಹೇ, ತಿಕಡೇಚ್ ಜಾ ಅಂದ್ರು ಮೇಡಂ. ನಿಮ್ಮದು ಕರ್ನಾಟಕದ ಆಧಾರ್, ಅಲ್ಲೇ ಹೋಗ್ರಿ ಅಂತ. ಅದಕ್ಕ ಇಲ್ಲಿ ಬಂದ್ರ ನೀವು ಇಲ್ಲ ಅಂತೀರಿ. ನಾ ಯಾವ ಕಡಿಯಾಂವ ಹೇಳ್ರಿ?"

"ಮೇಡಂ, ಆ ದೇಶದಾಗ ಓದೂ ಹುಡುಗೂರಿಗೆ ಜ್ವರಾ ಬರ್ತಾವ, ನಮಗ ಬರೂದಿಲ್ಲೇನ್ರಿ?" ಎಂದ ಸಂಕೇತ.

ನನಗೆ ಸಿಟ್ಟು ಬಂತು. ಅವನ ಮೇಲಲ್ಲ. ಆದರೆ ಎದುರಿಗೆ ಇದ್ದವನು ಅವನೇ, ಹಾಗಾಗಿ ಅವನ ಮೇಲೆಯೇ ರೇಗಿದೆ. "ನನ್ನ ಕೇಳಿದ್ರ ನಾ ಏನ್ ಹೇಳ್ಲೋ? ನಾ ಏನ್ ಲಸಿಕಿ ತಯಾರ್ ಮಾಡ್ತೀನೇನು?" ಎಂದೆ. ಆಮೇಲೆ ನಾಚಿಕೆಯಾಗಿ, ಜ್ವರ ಬಂದವರನ್ನು ಬೇರೆ ಮಲಗಿಸಿ, ಮಾಸ್ಕ್ ಹಾಕಿಕೊಳ್ಳಿ, ಉಸಿರಾಟ ಕಷ್ಟವಾದರೆ ಕಾಯಬೇಡಿ ಎಂದೆಲ್ಲ ಹೇಳಿ ಕಳಿಸಿದೆ. ಏಳು ಮಂದಿಯೂ ಥ್ಯಾಂಕ್ಸ್ ಹೇಳಿ ಹೋದರು. ಅದು ಇನ್ನೂ ಕಷ್ಟವಾಯಿತು.

ಇದನ್ನೆಲ್ಲ ಪಕ್ಕದಲ್ಲಿ ಟ್ರೇ ಹಿಡಿದುಕೊಂಡು ರೇಣುಕಾ ನೋಡುತ್ತಿದ್ದಳು. ಅವಳು ಬಿಎಸ್ಸಿ ನರ್ಸಿಂಗ್ ಮೂರನೇ ವರ್ಷದ ವಿದ್ಯಾರ್ಥಿನಿ. ಕೊಕಟನೂರದವಳು, ತಂದೆ ಟೇಲರ್. ಪ್ರಾಯೋಗಿಕ ತರಬೇತಿಗೆಂದು ಅವಳನ್ನೂ ಸೇರಿಸಿ ಹದಿನೈದು ಹುಡುಗಿಯರನ್ನು ಅವರ ಕಾಲೇಜು ನಮ್ಮ ಆಸ್ಪತ್ರೆಗೆ ಕಳಿಸುತ್ತಿತ್ತು. ಆ ವಾರ ಲಸಿಕೆ ಕೋಣೆಯ ಪಾಳಿ ಇವಳದು. ಚಿಕ್ಕಂದಿನಿಂದ ಉಬ್ಬಸ. ಏಪ್ರನ್ ಜೇಬಿನಲ್ಲಿ ಯಾವಾಗಲೂ ಉಸಿರಿಗೆ ಎಳೆದುಕೊಳ್ಳುವ ಪಂಪ್ ಇಟ್ಟುಕೊಂಡಿರುತ್ತಿದ್ದಳು.

"ಸಿಸ್ಟರ್, ಅವರಿಗೆ ಲಸಿಕಿ ಸಿಗೂದಿಲ್ಲ, ತಿಳೀತು. ನಾವು ಯಾರ್ರಿ? ವಿದ್ಯಾರ್ಥಿಗೋಳೋ, ಸಿಬ್ಬಂದಿನೋ?"

"ವಿದ್ಯಾರ್ಥಿಗೋಳು."

"ಮುಂದಿನ ವಾರದಿಂದ ನಮ್ಮನ್ನೆಲ್ಲ ಜ್ವರದ ವಾರ್ಡಿಗೇ ಹಾಕ್ಯಾರ. ಅಲ್ಲಿ ರೋಗಿ ಕೆಮ್ಮಿದ್ರ ವಿದ್ಯಾರ್ಥಿ ಅಂತ ನೋಡಿ ಕೆಮ್ಮತಾನೇನ್ರಿ?"

ನಾನು ಫ್ರಿಜ್ಜಿಗೆ ಬೀಗ ಹಾಕಿದೆ. ಅವಳು ಬಿಡಲಿಲ್ಲ. "ಒಳಗ ಲಸಿಕಿ ಉಳದೈತಿ. ದೊಡ್ಡ ಡಾಕ್ಟರು, ಸಿಸ್ಟರುಗೋಳು ಒಲ್ಲೆ ಅನ್ನಾಕತ್ತಾರ. ಅವರಿಗೆ ಬ್ಯಾಡಾದ್ದು ನಮಗ ಕೊಡ್ರಿ. ನಂಗ ಉಬ್ಬಸ ಐತಿ ಸಿಸ್ಟರ್. ನಿಮಗ ಗೊತ್ತೈತಿ."

ಗೊತ್ತಿತ್ತು. ಉಬ್ಬಸ ಇದ್ದವರಿಗೆ ಫ್ಲೂ ಬಂದರೆ ಎಲ್ಲಿಗೆ ಮುಟ್ಟುತ್ತದೆ ಎಂಬುದು ನನಗೆ ಅವಳಿಗಿಂತ ಚೆನ್ನಾಗಿ ಗೊತ್ತಿತ್ತು. ಲಸಿಕೆ ಹಾಕಿದ ಮೇಲೆ ಮೈಯಲ್ಲಿ ಶಕ್ತಿ ಬರಲು ಸುಮಾರು ಎರಡು ವಾರ ಬೇಕು, ಆದ್ದರಿಂದ ತಡ ಮಾಡಬಾರದು ಎಂಬುದೂ ಗೊತ್ತಿತ್ತು. ನಾನು ಏನು ಮಾಡಿದೆ? ಪತ್ರ ಬರೆದೆ. "ಪ್ರಾಯೋಗಿಕ ತರಬೇತಿಯಲ್ಲಿರುವ ನರ್ಸಿಂಗ್ ವಿದ್ಯಾರ್ಥಿಗಳು ಆರೋಗ್ಯ ಸಿಬ್ಬಂದಿಯ ವ್ಯಾಖ್ಯೆಯಲ್ಲಿ ಬರುತ್ತಾರೆಯೇ ಎಂಬ ಬಗ್ಗೆ ಸ್ಪಷ್ಟೀಕರಣ ಕೋರಿ." ಸಾಹೇಬರ ಸಹಿ ಮಾಡಿಸಿ ಮೇಲಿನ ಕಚೇರಿಗೆ ಕಳಿಸಿದೆ.

ಹತ್ತು ದಿನ ಏನೂ ಬರಲಿಲ್ಲ. ಫೋನ್ ಮಾಡಿದೆ. ಅಲ್ಲಿಯ ಗುಮಾಸ್ತ ಪತ್ರ ಬಂದಿಲ್ಲ, ಇನ್ನೊಮ್ಮೆ ಕಳಿಸಿ ಎಂದ. ಇನ್ನೊಮ್ಮೆ ಕಳಿಸಿದೆ. ಮೇಲ್ಭಾಗದಲ್ಲಿ ಹಿಂದಿನ ಪತ್ರದ ಉಲ್ಲೇಖವಿಲ್ಲ ಎಂದು ವಾಪಸು ಬಂತು. ಉಲ್ಲೇಖ ಹಾಕಿ ಮೂರನೆಯ ಸಲ ಕಳಿಸಿದೆ. ಕೊನೆಗೂ ಉತ್ತರ ಬಂತು. ಒಂದೇ ವಾಕ್ಯ: "ನಿಯಮಾನುಸಾರ ಕ್ರಮ ಕೈಗೊಳ್ಳಲು ಸೂಚಿಸಿದೆ."

ನಿಯಮ ಏನು ಎಂದು ಕೇಳಿದ್ದಕ್ಕೆ ನಿಯಮದಂತೆ ಮಾಡಿ ಎಂಬ ಉತ್ತರ! ಆ ಕಾಗದ ಹಿಡಿದುಕೊಂಡು ನಾನು ಕಾರಿಡಾರಿನಲ್ಲಿ ನಿಂತು ಜೋರಾಗಿ ಬೈದೆ. ಏನು ಬೈದೆ ಎಂದು ಬರೆಯಲಾರೆ. ಕಸ ಗುಡಿಸುತ್ತಿದ್ದ ಮಾವಶಿ ಪೊರಕೆ ಕೆಳಗಿಟ್ಟು ನನ್ನನ್ನೇ ನೋಡಿದಳು.

ರೇಣುಕಾ ದಿನಾ ಬಂದು ಕೇಳುತ್ತಿದ್ದಳು. "ಬಂತೇನ್ರಿ?" "ಇಲ್ಲವ್ವಾ." ಉತ್ತರ ಬಂದ ದಿನ ಅದನ್ನೇ ಅವಳಿಗೆ ತೋರಿಸಿದೆ. ಎರಡು ಸಲ ಓದಿದಳು. "ಇದರಾಗ ಕೊಡಬ್ಯಾಡ ಅಂತ ಎಲ್ಲೂ ಬರದಿಲ್ಲಲ್ರಿ" ಎಂದಳು. ಸರಿಯಾಗಿಯೇ ಹೇಳಿದ್ದಳು. "ಕೊಡು ಅಂತನೂ ಬರದಿಲ್ಲಲ್ಲವ್ವಾ" ಎಂದೆ. ಆ ಮಾತು ಮೊದಲ ನೋಟಿಸಿನ ಭಯದ್ದು. ಒಂದೂವರೆ ವರ್ಷ ಸುಮ್ಮನೆ ಕಳೆದರೆ ಮರ್ಯಾದೆಯಿಂದ ಮನೆಗೆ ಹೋಗಬಹುದು. ಅಷ್ಟೇ ನನ್ನ ಲೆಕ್ಕಾಚಾರ.

ಅದಾದ ಮುಂದಿನ ವಾರ ಲಸಿಕೆ ಕೋಣೆಗೆ ರೇಣುಕಾಳ ಗೆಳತಿ ಶಾಹೀನ ಓಡಿ ಬಂದಳು. ರಾಯಬಾಗದ ಹುಡುಗಿ, ಇವಳೊಂದಿಗೇ ಜ್ವರದ ವಾರ್ಡಿನಲ್ಲಿದ್ದವಳು.

"ಸಿಸ್ಟರ್, ರೇಣುಕಾಗ ಎರಡು ದಿನದಿಂದ ಜ್ವರಾ. ಇವತ್ತ ಉಸಿರ್ ಆಡವಲ್ದು. ಪಂಪ್ ಹೊಡದ್ರೂ ಕಡಿಮಿ ಆಗವಲ್ದು. ಲಗೂ ಬರ್ರಿ!"

ಹೋಗಿ ನೋಡಿದೆ. ಹಿಂದಿನ ವಾರ ಅವಳು ರೋಗಿಗಳಿಗೆ ಹಾಸಿಗೆ ಹಾಕಿಕೊಟ್ಟ ಅದೇ ವಾರ್ಡು. ಮಂಚದ ಮೇಲೆ ಮುಂದಕ್ಕೆ ಬಾಗಿ, ಎರಡೂ ಕೈ ಊರಿಕೊಂಡು ಕೂತಿದ್ದಳು. ಕೊರಳಿನ ನರಗಳು ಎದ್ದು ಕಾಣುತ್ತಿದ್ದವು. ಮಾತಾಡಲು ಆಗುತ್ತಿರಲಿಲ್ಲ, ನನ್ನನ್ನು ನೋಡಿದಳು ಅಷ್ಟೇ. ಆಮ್ಲಜನಕ ಹಚ್ಚಿದರು. ದೇಸಾಯಿ ಸಾಹೇಬರು ಪಕ್ಕ ಬಿಟ್ಟು ಕದಲಲಿಲ್ಲ. ಇಲ್ಲಿ ನಿಭಾಯಿಸಲಾಗದು ಎಂದು ಮಧ್ಯಾಹ್ನವೇ ಆಂಬುಲೆನ್ಸಿನಲ್ಲಿ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಫ್ಲೂ ಎಂದು ಪರೀಕ್ಷೆಯಲ್ಲಿ ಖಚಿತವಾಯಿತು.

ಮರುದಿನ ರಜೆ ಹಾಕಿ ಅಲ್ಲಿಗೆ ಹೋದೆ. ತೀವ್ರ ನಿಗಾ ಘಟಕದ ಹೊರಗಿನ ಬೆಂಚಿನ ಮೇಲೆ ಅವಳ ತಂದೆ ಕೂತಿದ್ದರು. ಟೇಪು ಇನ್ನೂ ಕೊರಳಲ್ಲೇ ಇತ್ತು. ಸುದ್ದಿ ಬಂದಾಗ ಅಳತೆ ತೆಗೆಯುತ್ತಿದ್ದರಂತೆ, ಹಾಗೇ ಎದ್ದು ಬಂದಿದ್ದರು. ನಾನು ಯಾರೆಂದು ಹೇಳಿದೆ. ಅವರು ಎದ್ದು ನಿಂತು ಕೈ ಮುಗಿದರು.

"ಅಕ್ಕಾರ, ನನ್ನ ಮಗಳು ಫೋನಿನ್ಯಾಗ ಹೇಳ್ತಿದ್ಳು. ದವಾಖಾನ್ಯಾಗ ಸೂಜಿ ಐತಿ, ನಮಗ ಹಾಕಂಗಿಲ್ಲಂತ ಅಂತ. ಖರೇನ್ರಿ?"

ಸುಳ್ಳು ಹೇಳಬಹುದಿತ್ತು. "ಖರೇ ಐತ್ರಿ" ಎಂದೆ.

"ಯಾಕ್ರಿ?"

"ಪಟ್ಟಿಯೊಳಗ ಅಕಿ ಹೆಸರು ಇರ್ಲಿಲ್ರಿ."

ಅವರು ಬೈಯಲಿಲ್ಲ. ಟೇಪನ್ನು ಕೊರಳಿಂದ ತೆಗೆದು, ನಿಧಾನವಾಗಿ ಸುತ್ತಿ, ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಮತ್ತೆ ಬೆಂಚಿನ ಮೇಲೆ ಕೂತರು. ನನಗೂ ಕೂರಲು ಜಾಗ ಬಿಟ್ಟರು. ಸಂಜೆಯವರೆಗೆ ಇಬ್ಬರೂ ಅಲ್ಲೇ ಇದ್ದೆವು.

ಬಸ್ಸಿನಲ್ಲಿ ವಾಪಸು ಬರುವಾಗ ನಿರ್ಧಾರ ಮಾಡಿದೆ. ಇನ್ನೂ ಹದಿನಾಲ್ಕು ಹುಡುಗಿಯರು ಅದೇ ವಾರ್ಡಿನಲ್ಲಿದ್ದರು. ಉಳಿದ ಲಸಿಕೆಯ ಅವಧಿ ಮುಗಿಯಲು ಆರು ದಿನ ಇತ್ತು. ಬೆಳಿಗ್ಗೆ ನೇರವಾಗಿ ಸಾಹೇಬರ ಕೋಣೆಗೆ ಹೋಗಿ, "ಸರ್, ಹುಡುಗ್ಯಾರಿಗೆ ಹಾಕ್ತೀನ್ರಿ" ಎಂದೆ. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು.

"ನೀವು ನನಗ ಏನೂ ಹೇಳಿಲ್ಲ, ನಾ ಏನೂ ಕೇಳಿಲ್ಲ," ಎಂದರು. "ಉಬ್ಬಸ, ಸಕ್ಕರಿ ಬ್ಯಾನಿ ಇದ್ದವರು ಯಾರರ ಇದ್ರ ಮೊದಲ ಹಾಕ್ರಿ."

ಹೊರಗೆ ಬಂದಾಗ ನಮ್ಮ ಆಸ್ಪತ್ರೆಯ ಗುಮಾಸ್ತ ಹೊಸಮನಿ ಸಿಕ್ಕ. ಅವನಿಗೆ ವಿಷಯ ಹೇಗೋ ಗೊತ್ತಾಗಿತ್ತು. ನನ್ನ ಮೇಲೆ ಅವನಿಗೆ ಪ್ರೀತಿ ಇತ್ತು, ಒಳ್ಳೆಯ ಮನಸ್ಸಿನಿಂದಲೇ ಸಲಹೆ ಕೊಟ್ಟ.

"ಸಿಸ್ಟರ್, ಶಾಣ್ಯಾತನ ಮಾಡ್ರಿ. ಒಲ್ಲೆ ಅಂದ ಸಿಬ್ಬಂದಿ ಹೆಸರು ಪೋರ್ಟಲ್‌ನ್ಯಾಗ ಏರಸ್ರಿ, ಸೂಜಿ ಹುಡುಗ್ಯಾರಿಗೆ ಹಾಕ್ರಿ. ಯಾರಿಗೂ ತ್ರಾಸಿಲ್ಲ. ನಿಮ್ಮ ಕೆಲಸ ಹಸನ, ಅವರ ಕೆಲಸ ಹಸನ."

ಹುಡುಗಿಯರೇ, ಈ ಸಲಹೆ ನಿಮಗೂ ಒಂದು ದಿನ ಬರುತ್ತದೆ, ಬಹಳ ಅಕ್ಕರೆಯಿಂದಲೇ ಬರುತ್ತದೆ. ನಾನು ಒಪ್ಪಲಿಲ್ಲ. ಪ್ರಾಮಾಣಿಕತೆಯ ದೊಡ್ಡ ಮಾತೇನೂ ಅಲ್ಲ ಅದು. ಹಾಕಿಸಿಕೊಂಡವಳಿಗೆ ನಾಳೆ ಮೈಗೆ ಒಗ್ಗದೆ ಏನಾದರೂ ಆದರೆ ದಾಖಲೆಯಲ್ಲಿ ಇನ್ನೊಬ್ಬರ ಹೆಸರಿರುತ್ತದೆ. ಅದಕ್ಕಿಂತ ಹೆಚ್ಚಾಗಿ, ಸಿಬ್ಬಂದಿಯೆಲ್ಲ ಹಾಕಿಸಿಕೊಂಡರು, ವಿದ್ಯಾರ್ಥಿಗಳು ಯಾರೂ ಕೇಳಲೇ ಇಲ್ಲ ಎಂದು ಮೇಲಿನವರು ಓದುತ್ತಾರೆ. ಮುಂದಿನ ವರ್ಷವೂ ಪಟ್ಟಿ ಹಾಗೇ ಬರುತ್ತದೆ.

ಪೋರ್ಟಲ್ ಬಿಟ್ಟು ಹಳೆಯ ರಿಜಿಸ್ಟರ್ ತೆಗೆದೆ. ಹದಿನಾಲ್ಕೂ ಹುಡುಗಿಯರ ನಿಜವಾದ ಹೆಸರು ಬರೆದೆ. ಹುದ್ದೆ ಎಂಬಲ್ಲಿ "ವಿದ್ಯಾರ್ಥಿನಿ, ಜ್ವರದ ವಾರ್ಡು" ಎಂದು ಬರೆದೆ. ಒಬ್ಬೊಬ್ಬರನ್ನೂ ಅಲರ್ಜಿ ಇದೆಯೇ, ಈಗ ಜ್ವರ ಇದೆಯೇ ಎಂದು ಕೇಳಿ, ಹಾಕಿ, ಅರ್ಧ ಗಂಟೆ ಕೂರಿಸಿ ಕಳಿಸಿದೆ. ಎಲ್ಲರೂ ಸಹಿ ಮಾಡಿದರು. ಶಾಹೀನ ತೋಳು ಒತ್ತಿ ಹಿಡಿದುಕೊಂಡು, "ಇದು ರೇಣುಕಾಗ ಹಾಕೂದಿತ್ತು ಸಿಸ್ಟರ್" ಎಂದು ಅತ್ತಳು.

ರಿಜಿಸ್ಟರಿನ ಪ್ರತಿಯನ್ನು ನಾನೇ ಮೇಲಿನ ಕಚೇರಿಗೆ ಕಳಿಸಿದೆ. ಈ ಸಲ ಪತ್ರ ಸಿಗಲಿಲ್ಲ ಎಂದು ಯಾರೂ ಹೇಳಲಿಲ್ಲ. ನಾಲ್ಕನೇ ದಿನಕ್ಕೇ ನೋಟಿಸ್ ಬಂತು. ಅನರ್ಹರಿಗೆ ಲಸಿಕೆ ನೀಡಿ ಸರಕಾರಿ ದಾಸ್ತಾನನ್ನು ದುರುಪಯೋಗ ಮಾಡಿದ ಆರೋಪ.

ವಿಚಾರಣೆಗೆ ಬಂದವರು ಒಬ್ಬ ಹಿರಿಯ ವೈದ್ಯೆ. ನನ್ನ ಮೂರೂ ಪತ್ರಗಳನ್ನೂ, ಆ ಒಂದು ವಾಕ್ಯದ ಉತ್ತರವನ್ನೂ ಓದಿದರು. ನಂತರ ಕೇಳಿದರು:

"ನೀವು ಹಾಕದೇ ಇದ್ದಿದ್ದರೆ ಆ ಲಸಿಕೆ ಏನಾಗುತ್ತಿತ್ತು?"

"ಅವಧಿ ಮುಗೀತಿತ್ರಿ ಮೇಡಂ. ಎಸೀತಿದ್ವಿ."

"ಎಸೆಯುವುದಕ್ಕೆ ಮೇಲಿನವರ ಅನುಮತಿ ಬೇಕೇ?"

"ಇಲ್ರಿ. ಫಾರಂ ತುಂಬಿದ್ರ ಸಾಕ್ರಿ."

ಅವರು ಎರಡೂ ಉತ್ತರಗಳನ್ನು ಬರೆದುಕೊಂಡರು. ನನಗೆ "ಎಚ್ಚರಿಕೆ" ಕೊಟ್ಟು ಪ್ರಕರಣ ಮುಗಿಸಿದರು. ಸೇವಾ ಪುಸ್ತಕದಲ್ಲಿ ಅದು ಈಗಲೂ ಇದೆ. ವರದಿಯ ಕೊನೆಯಲ್ಲಿ, ತರಬೇತಿಯಲ್ಲಿರುವ ವಿದ್ಯಾರ್ಥಿಗಳನ್ನೂ ಪಟ್ಟಿಗೆ ಸೇರಿಸಬೇಕು ಎಂದು ಒಂದು ಸಾಲು ಸೇರಿಸಿದ್ದರಂತೆ.

ಮುಂದಿನ ವರ್ಷ ಹೊಸ ಪಟ್ಟಿ ಬಂತು. "ಪ್ರಾಯೋಗಿಕ ತರಬೇತಿಯಲ್ಲಿರುವ ವಿದ್ಯಾರ್ಥಿಗಳು" ಎಂಬ ಅಂಕಣ ಅದರಲ್ಲಿತ್ತು! ನೋಡಿ ಕಣ್ಣು ತುಂಬಿ ಬಂತು. ಕಾಲೇಜಿಗೆ ಫೋನ್ ಮಾಡಿ ಹೇಳಿದೆ, ಹುಡುಗಿಯರು ಹೆಸರು ಕೊಟ್ಟರು. ಪಟ್ಟಿ ಸಿದ್ಧವಾಯಿತು. ಆ ವರ್ಷ ಲಸಿಕೆಯೇ ಬರಲಿಲ್ಲ. ಖರೀದಿ ತಡವಾಗಿದೆ ಎಂದರು, ಮಳೆಗಾಲ ಮುಗಿಯಿತು, ಚಳಿಗಾಲ ಬಂತು. ಅಂಕಣ ಖಾಲಿಯಾಗಿಯೇ ಉಳಿಯಿತು. ಅದೇ ಚಳಿಗಾಲದಲ್ಲಿ ನಾನು ನಿವೃತ್ತಳಾದೆ.

ರೇಣುಕಾ ಬದುಕಿದಳು. ಹನ್ನೆರಡು ದಿನ ದೊಡ್ಡ ಆಸ್ಪತ್ರೆಯಲ್ಲಿದ್ದಳು, ಮನೆಯಲ್ಲಿ ಇನ್ನಷ್ಟು ದಿನ. ಹಾಜರಾತಿ ಕಡಿಮೆ ಎಂದು ಪರೀಕ್ಷೆಗೆ ಕೂರಿಸಲಿಲ್ಲ. ಆಸ್ಪತ್ರೆಯಲ್ಲಿ ಕೆಲಸ ಮಾಡುವಾಗಲೇ ಕಾಯಿಲೆ ಬಿದ್ದವಳಿಗೆ, ಆಸ್ಪತ್ರೆಯಲ್ಲೇ ಮಲಗಿದ್ದ ದಿನಗಳು ಗೈರುಹಾಜರಿ! ನಾನೇ ಹೋಗಿ ವಾದಿಸಿದೆ, ಆಗಲಿಲ್ಲ. ಒಂದು ವರ್ಷ ಹೋಯಿತು. ಕಿರಿಯರ ಜೊತೆ ಕೂತು ಓದಿ ಪಾಸಾದಳು. ಈಗ ಒಂದು ಆಸ್ಪತ್ರೆಯಲ್ಲಿ ಗುತ್ತಿಗೆಯ ನರ್ಸ್. ಲಸಿಕೆ ಕೋಣೆಯನ್ನೇ ಅವಳಿಗೆ ಕೊಟ್ಟಿದ್ದಾರೆ.

ಹೋದ ತಿಂಗಳು ಬೋರಗಾಂವಕ್ಕೆ ನಮ್ಮ ಮನೆಗೆ ಬಂದಿದ್ದಳು. ಪಕ್ಕದ ಮನೆಯ ಮಗ್ಗಗಳ ಸದ್ದಿಗೆ ಇಬ್ಬರೂ ಜೋರಾಗಿಯೇ ಮಾತಾಡಬೇಕಾಯಿತು. ಚಹಾ ಕುಡಿದಳು. ಅದು ಇದು ಮಾತಾಡಿದ ಮೇಲೆ ಲೋಟ ಕೆಳಗಿಟ್ಟು ಕೇಳಿದಳು:

"ಸಿಸ್ಟರ್, ಒಂದು ಕೇಳ್ಲಿ? ನಂಗ ಕೊಡೂದಿಲ್ಲ ಅನ್ನೂವಾಗ ಇದ್ದ ನಿಯಮ, ಆ ಹದಿನಾಲ್ಕು ಮಂದಿಗೆ ಹಾಕೂವಾಗ ಎಲ್ಲಿ ಹೋಗಿತ್ರಿ?"

ಇಷ್ಟು ವರ್ಷ ಇಟ್ಟುಕೊಂಡು ಬಂದಿದ್ದಳು ಆ ಪ್ರಶ್ನೆಯನ್ನು.

"ಎಲ್ಲೂ ಹೋಗಿರ್ಲಿಲ್ಲವ್ವಾ," ಎಂದೆ. "ಅಲ್ಲೇ ಇತ್ತು. ಆಗ ನಾ ಅಂಜಿದ್ದೆ."

ಪರವಾಗಿಲ್ಲ ಎನ್ನುತ್ತಾಳೇನೋ ಎಂದು ಕಾದೆ. ಎನ್ನಲಿಲ್ಲ. ಎನ್ನದೇ ಇದ್ದದ್ದು ಸರಿಯಾಯಿತು. ಆಮೇಲೆ ಚೀಲದಿಂದ ಒಂದು ಫೈಲು ತೆಗೆದು ನನ್ನ ತೊಡೆಯ ಮೇಲಿಟ್ಟಳು.

ಈ ವರ್ಷ ಅವರ ಆಸ್ಪತ್ರೆಗೆ ಲಸಿಕೆ ಬಂದಿದೆ. ತರಬೇತಿಗೆ ಬರುವ ಹುಡುಗಿಯರ ಅರ್ಧಕ್ಕೂ ಸಾಲದಷ್ಟು. ಉಬ್ಬಸ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇದ್ದವರಿಗೆ ಮೊದಲು ಹಾಕಿದ್ದಾಳೆ. ಉಳಿದವರ ಹೆಸರುಗಳನ್ನು ಬೇರೆ ಹಾಳೆಯಲ್ಲಿ ಬರೆದು, ತಾನೇ ಸ್ಕೇಲು ಹಿಡಿದು ಕೊನೆಗೊಂದು ಅಂಕಣ ಎಳೆದಿದ್ದಾಳೆ. ಪ್ರತಿ ಹೆಸರಿನ ಮುಂದೆ ಅದೇ ಮಾತು: "ಅರ್ಹಳು. ಲಸಿಕೆ ಇಲ್ಲ." ಅದರ ಕೆಳಗೆ ಕೇಳಿಕೊಂಡು ಬಂದ ಪದವಿ ಕಾಲೇಜಿನ ಹುಡುಗರ ಹೆಸರುಗಳೂ ಇದ್ದವು. ಅವರ ಮುಂದೆ: "ಕೇಳಿದ್ದಾನೆ. ಅರ್ಹತೆ ಇಲ್ಲ. ಯಾಕೆ ಎಂದು ತಿಳಿಸುವುದು."

"ಪ್ರತಿ ಸೋಮವಾರ ಮ್ಯಾಲಿನ ಆಫೀಸಿಗೆ ಕಳಸ್ತೀನ್ರಿ," ಎಂದಳು. "ಹೋದ ವಾರ ಅಲ್ಲಿಂದ ಫೋನ್ ಬಂದಿತ್ತು. ಅದೇ ಪಟ್ಟಿ ಯಾಕ್ ಸಾರಿ ಸಾರಿ ಕಳಸ್ತೀ ಅಂತ."

"ನೀ ಏನಂದಿ?"

"ಅದೇ ಪಟ್ಟಿ ಅಲ್ರಿ, ಪ್ರತಿ ವಾರ ಹೆಸರು ಹೆಚ್ಚಾಗ್ಯಾವ, ಎಣಿಸಿ ನೋಡ್ರಿ ಅಂದೆ. ಫೋನ್ ಇಟ್ರು."

ಅಲ್ಲಿಯವರೆಗೆ ಹನ್ನೊಂದು ಪಟ್ಟಿ ಕಳಿಸಿದ್ದಳು. ಉತ್ತರ ಬಂದಿರಲಿಲ್ಲ. ಹನ್ನೆರಡನೆಯದನ್ನು ಅಂದು ನನ್ನ ಮುಂದೆಯೇ ಬರೆದು ಮುಗಿಸಿ, ಹೋಗುವಾಗ ದಾರಿಯಲ್ಲಿ ಅಂಚೆಗೆ ಹಾಕುತ್ತೇನೆ ಎಂದು ಎದ್ದಳು.